ಹುಗಿದ ಮೇಲೂ ಕಾಯಬೇಕಾದ ಮಣ್ಣು

ನಮ್ಮ ಬೆಳಗಾವಿ ಜಿಲ್ಲೆಯ ಕಟಕೋಳದ ಸುತ್ತಲಿನ ಊರುಗಳಲ್ಲಿ ಹಗೇವು ಎಂಬ ನೆಲದೊಳಗಿನ ಕಣಜ ನೋಡಿದ ಹಿರಿಯರು ಇನ್ನೂ ಇದ್ದಾರೆ. ಗಟ್ಟಿ ಗರಸು ನೆಲ ಆರಿಸಿ, ಬಾಯಿ ಕಿರಿದು ಹೊಟ್ಟೆ ಹಿರಿದಾಗಿ ಕೊಡದಂತೆ ಅಗೆದು, ತಳಕ್ಕೂ ಗೋಡೆಗೂ ಹುಲ್ಲು-ಕಣಿಕೆ ಒತ್ತಿ, ಒಳಗೆ ಜೋಳ ತುಂಬಿ, ಮೇಲೆ ಹಾಸುಗಲ್ಲು ಎಳೆದು ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆಂದು ಎತ್ತಿಟ್ಟ ಗಂಟು ಅದು. ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಡುತ್ತಿದ್ದರು. ದೀಪ ಆರದೆ ಉಳಿದರೆ ಒಳಗಿನ ಗಾಳಿಯಲ್ಲಿ ಮನುಷ್ಯ ಉಸಿರಾಡಬಹುದು ಎಂದು ಅರ್ಥ. ಹಗೇವಿಗೆ ದೊಡ್ಡ ವೈರಿ ಎಂದರೆ ನೀರು. ಒಂದು ಬಿರುಕಿನಿಂದ ನೀರಿಳಿದರೆ ವರ್ಷದ ದುಡಿಮೆ ಮುಗ್ಗಿ ಹೋಗುತ್ತಿತ್ತು.

ಕಾರ್ಖಾನೆ, ಗಣಿ, ಕೀಟನಾಶಕಗಳಿಂದ ವಿಷವಾದ ಮಣ್ಣನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎದುರಾದಾಗ ಇಂದಿನ ಎಂಜಿನಿಯರುಗಳು ಕೊಡುವ ಮುಖ್ಯ ಉತ್ತರಗಳಲ್ಲಿ ಒಂದಾದ ಲ್ಯಾಂಡ್‌ಫಿಲ್, ಅಂದರೆ ತಳ-ಹೊದಿಕೆ ಕಟ್ಟಿ ವಿಷ ಹುಗಿಯುವ ಗುಂಡಿ, ಇದೇ ಹಗೇವಿನ ಕಸುಬನ್ನು ತಿರುವಿ ಹಾಕಿದಂತಿದೆ. ಹೊರಗಿನ ನೀರು ಒಳಗಿನ ಕಾಳನ್ನು ಕೆಡಿಸದಂತೆ ಹಗೇವು ಕಾಯುತ್ತಿತ್ತು. ಒಳಗಿನ ವಿಷ ಹೊರಗಿನ ನೀರನ್ನು ಕೆಡಿಸದಂತೆ ಲ್ಯಾಂಡ್‌ಫಿಲ್ ಕಾಯಬೇಕು. ಎರಡಕ್ಕೂ ವೈರಿ ನೀರೇ. ದೊಡ್ಡ ವ್ಯತ್ಯಾಸ ಕಾಲದ್ದು. ಹಗೇವನ್ನು ಕೆಲವು ವರ್ಷಗಳಲ್ಲಿ ತೆರೆಯುತ್ತಿದ್ದರು, ವಿಷದ ಗುಂಡಿಯನ್ನು ಎಂದೆಂದಿಗೂ ತೆರೆಯಬಾರದು. ಎಂದೆಂದಿಗೂ ಎಂಬ ಆ ಮಾತನ್ನು ನಡೆಸಿಕೊಡುವವರು ಯಾರು ಎಂಬುದನ್ನು ಕೇಳದೆ ಈ ಸಮಸ್ಯೆಯ ಯಾವ ಚರ್ಚೆಯೂ ಮುಗಿಯುವುದಿಲ್ಲ.

ಸಾಯುವ ವಿಷ, ಸಾಯದ ವಿಷ

ಮಣ್ಣಿಗೆ ಸೇರುವ ವಿಷಗಳನ್ನು ಎರಡು ಕುಲವಾಗಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಕೀಟನಾಶಕ, ಎಣ್ಣೆ, ದ್ರಾವಕಗಳಂಥ ಇಂಗಾಲದ ಸಂಯುಕ್ತಗಳು ಮೊದಲ ಕುಲ. ಇವನ್ನು ಬೆಂಕಿ, ಬಿಸಿಲು, ಸೂಕ್ಷ್ಮಜೀವಿಗಳು ಒಡೆಯಬಲ್ಲವು. ಕೆಲವನ್ನು ವಾರಗಳಲ್ಲಿ, ಕೆಲವನ್ನು ದಶಕಗಳಲ್ಲಿ. ಆರ್ಸೆನಿಕ್, ಸೀಸ, ಪಾದರಸ, ಕ್ರೋಮಿಯಂ ಎರಡನೆಯ ಕುಲ. ಇವು ಮೂಲಧಾತುಗಳಾದ್ದರಿಂದ ಸುಟ್ಟರೂ ಸಾಯುವುದಿಲ್ಲ, ಕೊಳೆಯುವುದೂ ಇಲ್ಲ. ರೂಪ ಬದಲಿಸಿ ನೀರಿನಲ್ಲಿ ಕರಗದಂತೆ ಕಟ್ಟಿಹಾಕಬಹುದು, ಅಷ್ಟೇ.

ಆದ್ದರಿಂದ ಸಾಯಬಲ್ಲ ವಿಷವನ್ನು ಕೊಲ್ಲಬೇಕು, ಸಾಯದ ವಿಷವನ್ನು ಸೆರೆಯಲ್ಲಿಡಬೇಕು. ಎಂಡೋಸಲ್ಫಾನ್ ಕೀಟನಾಶಕದಂಥ ದೀರ್ಘಬಾಳಿಕೆಯ ಸಾವಯವ ವಿಷಗಳ ತ್ಯಾಜ್ಯವನ್ನು ನಾಶಪಡಿಸಬೇಕು ಅಥವಾ ಮತ್ತೆ ವಿಷವಾಗದಂತೆ ಮಾರ್ಪಡಿಸಬೇಕು ಎಂದೇ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಹೇಳುತ್ತದೆ. ಲೋಹದ ಮಣ್ಣಿಗೆ ಮಾತ್ರ ಲ್ಯಾಂಡ್‌ಫಿಲ್ ಬಿಟ್ಟರೆ ಹೆಚ್ಚು ದಾರಿಗಳಿಲ್ಲ. ಈ ಅಳತೆಗೋಲು ಹಿಡಿದು ನೋಡಿದರೆ, ನಮ್ಮ ನಾಡಿನಲ್ಲಿ ಇವೆರಡೂ ತಲೆಕೆಳಗಾಗಿರುವುದು ಕಾಣುತ್ತದೆ. ಕೊಲ್ಲಬೇಕಾದ ವಿಷವನ್ನು ಹುಗಿದರೆಂಬ ದೂರು ಒಂದೆಡೆ, ಸೆರೆಯಲ್ಲಿಡಬೇಕಾದ ವಿಷ ಬಯಲಿಗೆ ಬಿದ್ದಿರುವುದು ಇನ್ನೊಂದೆಡೆ.

ಗೋಡೆಯಿಲ್ಲದ ದಿಬ್ಬ

ಬಯಲಿಗೆ ಬಿದ್ದಿರುವುದು ಕೋಲಾರದ ಚಿನ್ನದ ಗಣಿ ಕೆಜಿಎಫ್‌ನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಆ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಬಂಡೆ ತಂದು, ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ತೊಳೆದರು. ಚಿನ್ನ ಹೊರಟುಹೋಯಿತು, ಹಿಟ್ಟು ಉಳಿಯಿತು. ಆ ಹಿಟ್ಟು ಇಂದು 13 ದಿಬ್ಬಗಳಾಗಿ ನಿಂತಿದೆ. ತೂಕ ಸುಮಾರು 3.3 ಕೋಟಿ ಟನ್. ಊರವರು ಅವನ್ನು ಕರೆಯುವುದು ಸೈನೈಡ್ ದಿಬ್ಬ ಎಂದು.

ಹೆಸರಿನಲ್ಲಿರುವ ಸೈನೈಡ್ ಬಿಸಿಲು ಗಾಳಿಗೆ ಕ್ರಮೇಣ ಒಡೆಯುತ್ತದೆ. ಉಳಿಯುವುದು ಬಂಡೆಯೊಳಗಿದ್ದ ಆರ್ಸೆನಿಕ್‌ನಂಥ ಧಾತುಗಳು, ಗಂಧಕದ ಖನಿಜಗಳು ಮತ್ತು ನುಣ್ಣನೆಯ ಸಿಲಿಕಾ ಹುಡಿ. ಗಂಧಕದ ಖನಿಜ ಗಾಳಿ-ನೀರು ಸೋಕಿದರೆ ಆಮ್ಲವಾಗುತ್ತದೆ, ಆಮ್ಲ ಲೋಹವನ್ನು ಕರಗಿಸಿ ಹಳ್ಳಕ್ಕೆ ಇಳಿಸುತ್ತದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಹುಡಿ ಎದ್ದು ಮನೆಯೊಳಗೆ ಬರುತ್ತದೆ, ಮಳೆಗಾಲದಲ್ಲಿ ದಿಬ್ಬದ ಮೈಯಲ್ಲಿ ಕೊರಕಲು ಬಿದ್ದು ಮಣ್ಣು ತಗ್ಗಿಗೆ ಹರಿಯುತ್ತದೆ. ಈ ದಿಬ್ಬಗಳಿರುವುದು ಪಾಲಾರ್ ನದಿಯ ಕಣಿವೆಯಲ್ಲಿ. ಇದೇ ಪಾಲಾರ್ ಕೆಳಗೆ ತಮಿಳುನಾಡಿನ ರಾಣಿಪೇಟೆಯನ್ನು ಹಾಯುತ್ತದೆ. ಅಲ್ಲಿಯೂ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯೊಂದರ ಎರಡು ಲಕ್ಷ ಟನ್ನಿಗೂ ಮಿಕ್ಕ ಕ್ರೋಮಿಯಂ ತ್ಯಾಜ್ಯ ದಶಕಗಳಿಂದ ಬಿದ್ದುಕೊಂಡಿತ್ತು. ಒಂದೇ ಹೊಳೆಯ ಬದುಕಿನಲ್ಲಿ ಸಾಯದ ವಿಷದ ಎರಡು ರಾಶಿಗಳು!

2024ರ ಜೂನ್‌ನಲ್ಲಿ ಈ 13 ದಿಬ್ಬಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪ್ರದೇಶ ಸುಮಾರು ಸಾವಿರ ಎಕರೆ. ಟನ್ನಿಗೆ ಒಂದು ಗ್ರಾಂ ಚಿನ್ನವೂ ಸಿಗದ ಹಿಟ್ಟು ಇದು. ಅಂದರೆ ಚಿನ್ನ ತೆಗೆದ ಮೇಲೂ 3.3 ಕೋಟಿ ಟನ್ 3.3 ಕೋಟಿ ಟನ್ನಾಗಿಯೇ ಉಳಿಯುತ್ತದೆ. ಇದನ್ನು ಆತಂಕದಿಂದ ಮಾತ್ರ ನೋಡಬೇಕಾಗಿಲ್ಲ. ನೂರು ವರ್ಷಗಳ ಹಿಂದೆ ತಳವಿಲ್ಲದೆ ಸುರಿದದ್ದನ್ನು ಈ ಸಲ ತಳ ಕಟ್ಟಿ, ಹೊದಿಕೆ ಹಾಕಿ ಇಡುವ ಅವಕಾಶವಿದು. ಚಿನ್ನದ ಲೆಕ್ಕ ಬರೆಯುವ ಪುಟದಲ್ಲೇ ಆ ಖರ್ಚನ್ನೂ ಬರೆಯದಿದ್ದರೆ ಅವಕಾಶ ಕೈತಪ್ಪುತ್ತದೆ.

ತಳವಿಲ್ಲದ ಬಾವಿ

ಇನ್ನೊಂದು ಚಿತ್ರ ಗಡಿನಾಡು ಕಾಸರಗೋಡಿನದು. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಸುಮಾರು 4,600 ಹೆಕ್ಟೇರ್ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆ, ಬೆಳ್ಳೂರು, ಕುಂಬಡಾಜೆಯಂಥ ಕನ್ನಡ-ತುಳು ಮಾತಿನ ಊರುಗಳು ಆ ಹನಿಯ ಕೆಳಗಿದ್ದವು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಕಂಡ ವಿಚಿತ್ರಗಳನ್ನು ಬರೆದಿಟ್ಟರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು.

ಸಿಂಪಡಣೆ ನಿಂತ ಮೇಲೆ ಉಳಿದ ದಾಸ್ತಾನು ಏನಾಯಿತು? ಒಂದಷ್ಟು ಗೋದಾಮುಗಳಲ್ಲಿ ಉಳಿಯಿತು. ಸೋರುವ ಹಳೆಯ ಬ್ಯಾರೆಲ್‌ಗಳಿಂದ ಹೊಸ ಡ್ರಮ್ಮುಗಳಿಗೆ ಅದನ್ನು ವರ್ಗಾಯಿಸಬೇಕಾಯಿತು. ಇನ್ನೊಂದಷ್ಟನ್ನು ಕರ್ನಾಟಕದ ಗಡಿಗೆ ಅಂಟಿದ ಮಿಂಚಿನಪದವು ಗುಡ್ಡದ ತೋಟದ ಹಾಳುಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ಬಹುಕಾಲದಿಂದ ಇದೆ. ಉಡುಪಿಯ ಮಾನವ ಹಕ್ಕು ಹೋರಾಟಗಾರ ಡಾ. ರವೀಂದ್ರನಾಥ ಶಾನುಭಾಗ್ ಅದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಾದರಿಗಳನ್ನು ಎತ್ತಿಕೊಂಡು ಹೋದರು.

ಈ ದೂರು ಜನರನ್ನು ಇಷ್ಟು ಕಾಡುವುದಕ್ಕೆ ಆ ನೆಲವೇ ಕಾರಣ. ಅಲ್ಲಿಯದು ಮುರಕಲ್ಲು, ಮೈತುಂಬ ತೂತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಗುಡ್ಡದ ಬುಡದಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳಿಂದ ಜಿನುಗುವ ನೀರನ್ನೇ ಆ ಕಡೆಯ ಅನೇಕ ಮನೆಗಳು ಕುಡಿಯಲು, ಅಡಿಕೆಗೆ ಉಣಿಸಲು ನೆಚ್ಚಿವೆ. ಗುಡ್ಡದ ಮೇಲೆ ಇಂಗಿದ್ದು ಬುಡದಲ್ಲಿ ಬರುತ್ತದೆ ಎಂಬುದು ಸುರಂಗ ಕೊರೆದವನ ಮೊದಲ ಪಾಠ. ಅಂಥ ಗುಡ್ಡದ ಬಾವಿಯಲ್ಲಿ ವಿಷ ಇದೆಯೆಂಬ ಸಂಶಯ ಇರುವಷ್ಟು ದಿನ ಕೆಳಗಿನ ಮನೆಯವರು ನೆಮ್ಮದಿಯಿಂದ ಒಂದು ಲೋಟ ನೀರು ಕುಡಿಯುವುದಾದರೂ ಹೇಗೆ? ಎಂಡೋಸಲ್ಫಾನ್ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಅದೂ ವಿಷವೇ. ಬಾವಿಗೆ ತಳದ ಹಾಸಿಲ್ಲ, ನೀರು ಹಿಡಿಯುವ ಕೊಳವೆಯಿಲ್ಲ, ಏನು ಎಷ್ಟು ಹಾಕಿದರೆಂಬ ದಾಖಲೆಯಿಲ್ಲ. ಕಣ್ಣಿಗೆ ಕಾಣದಂತೆ ಮಾಡುವುದನ್ನು ವಿಲೇವಾರಿ ಎಂದು ಕರೆಯುವ ರೂಢಿ ನಮ್ಮಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಈ ದೂರು ತೋರಿಸುತ್ತದೆ.

ಗುಂಡಿ ಕಟ್ಟುವ ಬಗೆ

ಸರಿಯಾದ ಗುಂಡಿ ಎಂದರೆ ಹೇಗಿರಬೇಕು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2001ರಲ್ಲಿ ಅಪಾಯಕಾರಿ ತ್ಯಾಜ್ಯದ ಲ್ಯಾಂಡ್‌ಫಿಲ್‌ಗೆ ಮಾನದಂಡ ಪ್ರಕಟಿಸಿತು. ಮಳೆ ಹೆಚ್ಚಿರುವ, ಅಂತರ್ಜಲ ಮೇಲಿರುವ ಕಡೆ ಎರಡು ಪದರದ ತಳ ಬೇಕು. ಕೆಳಗಿನಿಂದ ಮೇಲಕ್ಕೆ ಬಂದರೆ, ಒತ್ತಿ ಕೂರಿಸಿದ 45 ಸೆಂಟಿಮೀಟರ್ ಜಿಗಟು ಮಣ್ಣು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸೋರಿಕೆ ಪತ್ತೆಹಚ್ಚುವ ಮರಳು-ಜಲ್ಲಿಯ ಪದರ. ಮತ್ತೆ ಜಿಗಟು ಮಣ್ಣು, ಮತ್ತೆ ಹಾಳೆ, ಮತ್ತೆ ಜಲ್ಲಿ. ಆ ಮೇಲಿನ ಜಲ್ಲಿಯೊಳಗೆ ತೂತಿನ ಕೊಳವೆಗಳು. ತ್ಯಾಜ್ಯದೊಳಗಿಂದ ಬಸಿದು ಬರುವ ನೀರನ್ನು ಅವು ಒಂದೆಡೆ ಕೂಡಿಸುತ್ತವೆ, ಪಂಪು ಅದನ್ನು ಮೇಲೆತ್ತಿ ಶುದ್ಧೀಕರಣಕ್ಕೆ ಕಳಿಸುತ್ತದೆ. ಗುಂಡಿ ತುಂಬಿದ ಮೇಲೆ ಮತ್ತೆ ಜಿಗಟು ಮಣ್ಣು, ಹಾಳೆ, ಜಲ್ಲಿ, ಮೇಲ್ಮಣ್ಣು ಮತ್ತು ಹುಲ್ಲಿನ ಹೊದಿಕೆ.

ಇಷ್ಟೊಂದು ಪದರಗಳು ಏಕೆ? ಮಣ್ಣು ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗಕ್ಕಿಂತ ವೇಗವಾಗಿ ನೀರು ಬಿಡಬಾರದು ಎಂಬುದು ಮಾನದಂಡ. ಅದನ್ನು ವರ್ಷಕ್ಕೆ ಹಿಗ್ಗಿಸಿದರೆ ಸುಮಾರು ಮೂರು ಸೆಂಟಿಮೀಟರ್ ಆಗುತ್ತದೆ. ಅಂದರೆ ಅತ್ಯುತ್ತಮ ಮಣ್ಣಿನ ತಳವೂ ಸೋರುತ್ತದೆ, ಬಹಳ ನಿಧಾನವಾಗಿ. ಪ್ಲಾಸ್ಟಿಕ್ ಹಾಳೆ ಸೋರುವುದಿಲ್ಲ, ಆದರೆ ಒಂದು ಚೂಪುಗಲ್ಲಿಗೆ ಹರಿಯುತ್ತದೆ. ಒಂದರ ಊನವನ್ನು ಇನ್ನೊಂದು ತುಂಬಲೆಂದೇ ಎರಡನ್ನೂ ಮೈಗೆ ಮೈ ಹಚ್ಚಿ ಹಾಸುತ್ತಾರೆ.

ಈ ಕೆಲಸದ ಜೀವ ಇರುವುದು ಹಾಳೆಯ ಬೆಸುಗೆಯಲ್ಲಿ. ಹಾಳೆಯ ಎರಡು ಅಂಚುಗಳನ್ನು ಒಂದರ ಮೇಲೊಂದು ಇಟ್ಟು, ಬಿಸಿ ಬೆಣೆಯ ಯಂತ್ರದಿಂದ ಎರಡು ಸಾಲಾಗಿ ಬೆಸೆಯುತ್ತಾರೆ. ಎರಡು ಸಾಲುಗಳ ನಡುವೆ ಬೆರಳಗಲದ ಖಾಲಿ ಓಣಿ ಉಳಿಯುತ್ತದೆ. ಆ ಓಣಿಗೆ ಸೂಜಿ ಚುಚ್ಚಿ ಗಾಳಿ ತುಂಬಿ, ಮೀಟರಿನ ಮುಳ್ಳನ್ನೇ ನೋಡುತ್ತ ಕೆಲವು ನಿಮಿಷ ಕೂರುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರಿದೆ ಎಂದರ್ಥ, ಆ ಬೆಸುಗೆಯನ್ನು ಮತ್ತೆ ಮಾಡಬೇಕು. ಎಕರೆಗಟ್ಟಲೆ ಹಾಳೆಯ ಪ್ರತಿಯೊಂದು ಬೆಸುಗೆಗೂ ಇದೇ ಪರೀಕ್ಷೆ. ಹಗೇವಿಗೆ ಇಳಿಬಿಟ್ಟ ಕಂದೀಲು ಮತ್ತು ಈ ಮುಳ್ಳು ಒಂದೇ ಜಾತಿಯ ಎಚ್ಚರಗಳು. ಬಿಸಿಲಲ್ಲಿ ಕೂತು ಆ ಮುಳ್ಳು ನೋಡುವವನ ಪ್ರಾಮಾಣಿಕತೆಯ ಮೇಲೆ ಮುಂದಿನ ಅನೇಕ ತಲೆಮಾರುಗಳ ಬಾವಿ ನೀರು ನಿಂತಿರುತ್ತದೆ.

ನಮ್ಮ ಎರಿ ಮಣ್ಣಿನ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ರಾಮದುರ್ಗ-ಸವದತ್ತಿ ಕಡೆಯ ಕರಿ ಎರಿ ಹಸಿಯಿದ್ದಾಗ ನೀರು ಬಿಡದು, ಕೆರೆಯ ಒಡ್ಡಿಗೂ ಅದೇ ಬೇಕು. ಹಾಗಾದರೆ ಈ ಕೆಲಸಕ್ಕೆ ಇದೇ ಚಿನ್ನದಂಥ ಮಣ್ಣು ಎನಿಸಬಹುದು. ಆದರೆ ಚೈತ್ರದ ಬಿಸಿಲಿಗೆ ಇದೇ ಎರಿ ಬಿರಿದು, ಮೊಣಕೈವರೆಗೆ ಕೈ ಇಳಿಯುವ ಸೀಳು ಬಿಡುವುದನ್ನು ಹೊಲಕ್ಕೆ ಹೋಗುವ ಪ್ರತಿಯೊಬ್ಬರೂ ಬಲ್ಲರು. ಒಣಗಿ ಬಿರಿದ ತಳ ಜರಡಿಗೆ ಸಮ. ಅದಕ್ಕೇ ಎಂಜಿನಿಯರುಗಳು ಇಂಥ ಮಣ್ಣಿಗೆ ಕಡಿಮೆ ಜಿಗಟಿನ ಮಣ್ಣು ಬೆರೆಸಿ, ತಕ್ಕಷ್ಟು ಹಸಿ ಇಟ್ಟು, ತೆಳು ಪದರಗಳಲ್ಲಿ ಮುಳ್ಳುರೋಲರ್ ಓಡಿಸಿ, ಆರುವ ಮೊದಲೇ ಹಾಳೆ ಹೊದಿಸುತ್ತಾರೆ. ಮಣ್ಣು ಒಳ್ಳೆಯದಿದ್ದರೆ ಸಾಲದು, ಅದನ್ನು ಆರಗೊಡದಂತೆ ನೋಡಿಕೊಳ್ಳುವ ಕೈ ಬೇಕು.

ದಾಬಸ್‌ಪೇಟೆಯ ದಾರಿ, ಬೆಳಗಾವಿಯ ಕೆಂಪು ಕೆಸರು

ಕರ್ನಾಟಕದಲ್ಲಿ ಕೈಗಾರಿಕೆಗಳ ಅಪಾಯಕಾರಿ ತ್ಯಾಜ್ಯಕ್ಕೆಂದು ಹೀಗೆ ಕಟ್ಟಿದ ಸಾಮೂಹಿಕ ಘಟಕ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಬಳಿ ಇದೆ. ರಾಮ್ಕಿ ಸಮೂಹ ಅದನ್ನು ಕಟ್ಟಿ ನಡೆಸಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಲಾರಿಯ ಜೊತೆ ಏಳು ಬಣ್ಣದ ಏಳು ಪ್ರತಿಯ ಮ್ಯಾನಿಫೆಸ್ಟ್ ಎಂಬ ಸಾಗಣೆ ಪತ್ರ ಹೋಗಬೇಕು. ಕಳಿಸಿದವನು, ಸಾಗಿಸಿದವನು, ಇಳಿಸಿಕೊಂಡವನು, ಮಾಲಿನ್ಯ ಮಂಡಳಿ, ಎಲ್ಲರ ಕೈಯಲ್ಲೂ ಒಂದೇ ಲೆಕ್ಕ ಇರಲೆಂದು ಈ ಏರ್ಪಾಟು. ಬಂದ ತ್ಯಾಜ್ಯವನ್ನು ಪರೀಕ್ಷಿಸಿ, ಕೆಲವನ್ನು ಸುಡುವುದಕ್ಕೆ, ಕೆಲವನ್ನು ಸಿಮೆಂಟು-ಸುಣ್ಣ ಬೆರೆಸಿ ಗಟ್ಟಿ ಮಾಡುವುದಕ್ಕೆ, ಉಳಿದದ್ದನ್ನು ನೇರ ಗುಂಡಿಗೆ ಕಳಿಸುವುದು ಇಂಥ ಘಟಕಗಳ ಕ್ರಮ. ಬೆಳಗಾವಿ ಜಿಲ್ಲೆಯ ತ್ಯಾಜ್ಯ ಅಲ್ಲಿಗೆ ಮುಟ್ಟಬೇಕಾದರೆ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ಹೆದ್ದಾರಿ ಸವೆಸಬೇಕು. ಚಿಕ್ಕ ಕಾರ್ಖಾನೆಗೆ ಆ ಬಾಡಿಗೆ ಭಾರ. ದೂರ ಹೆಚ್ಚಿದಷ್ಟೂ ಹತ್ತಿರದ ಹಳ್ಳದ ಆಸೆ ಹೆಚ್ಚುತ್ತದೆ.

ನಮ್ಮ ಜಿಲ್ಲೆಯಲ್ಲೇ ಇರುವ ದೊಡ್ಡ ರಾಶಿ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರು. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕ್ಷಾರದ ಮಣ್ಣು ಅದು. 2016ರ ನಿಯಮಗಳು ಅದನ್ನು ಪ್ರಮಾಣ ಹೆಚ್ಚು, ಪರಿಣಾಮ ಕಡಿಮೆ ಎಂಬ ಬೇರೆ ಪಟ್ಟಿಯಲ್ಲಿಟ್ಟಿವೆ. ಆದರೂ ಒಡ್ಡು ಒಡೆದರೆ ಏನಾಗುತ್ತದೆ ಎಂಬುದನ್ನು 2019ರ ಏಪ್ರಿಲ್ 9ರಂದು ಜಾರ್ಖಂಡ್‌ನ ಮುರಿಯಲ್ಲಿ ದೇಶ ನೋಡಿತು. ಅಂಥ ರಾಶಿ ಜಾರಿ ಹೊಲಗಳ ಮೇಲೆ ಹರಡಿತ್ತು. ಇತ್ತೀಚಿನ ವರ್ಷಗಳಲ್ಲಿ ದೇಶದ ಅಲ್ಯೂಮಿನಾ ಕಾರ್ಖಾನೆಗಳು ಈ ಮಣ್ಣನ್ನು ಸಿಮೆಂಟ್ ಕಾರ್ಖಾನೆಗಳಿಗೆ ಕೊಡುತ್ತಿರುವುದು ಒಳ್ಳೆಯ ಹೆಜ್ಜೆ. ಗುಂಡಿಗೆ ಹೋಗದೆ ಕೆಲಸಕ್ಕೆ ಬಂದ ಒಂದೊಂದು ಟನ್ನೂ ಮುಂದಿನವರ ಹೆಗಲಿನ ಭಾರ ಇಳಿಸುತ್ತದೆ.

ಬೇರೆ ದಾರಿಗಳು

ಗುಂಡಿಯೊಂದೇ ದಾರಿಯಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ ಮೇಲೆ, ಪಾದರಸ ಮೆತ್ತಿದ ಗಾಜು ಮತ್ತಿತರ 290 ಟನ್ ತ್ಯಾಜ್ಯವನ್ನು 2003ರಲ್ಲಿ ಅಮೆರಿಕಕ್ಕೆ ವಾಪಸು ಕಳಿಸಲಾಯಿತು. ಮಣ್ಣನ್ನು ಮಾತ್ರ ಹಡಗು ಹತ್ತಿಸಲಾಗದು. ಅದನ್ನು ತೊಳೆದು, ಕಾಯಿಸಿ ಪಾದರಸ ಬಿಡಿಸುವ ವಿಧಾನವನ್ನು ಆರಿಸಿಕೊಂಡರು. ಆದರೆ ಎಷ್ಟು ತೊಳೆದರೆ ಸಾಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕಿಲೋಗೆ 20 ಮಿಲಿಗ್ರಾಂ ಎಂಬ ಗುರಿ ಶೋಲಾ ಕಾಡಿನ ಅಂಚಿಗೆ ಸಾಲದು ಎಂದು ಪರಿಸರವಾದಿಗಳು ಕೊನೆಯವರೆಗೂ ಹೇಳಿದರು. ಶುದ್ಧಿ ಎಂದರೆ ಎಷ್ಟು ಎಂಬುದನ್ನು ಪ್ರಯೋಗಾಲಯ ಒಂದೇ ತೀರ್ಮಾನಿಸಲಾಗದು. ಆ ನೆಲದ ಮೇಲೆ ಮುಂದೆ ಯಾರು ಬಾಳುತ್ತಾರೆ ಎಂಬುದನ್ನೂ ನೋಡಬೇಕು.

ಭೋಪಾಲದ್ದು ಇನ್ನೊಂದು ಪಾಠ. 1984ರ ದುರಂತದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ, ಜೂನ್ ಕೊನೆಗೆ ಸುಟ್ಟು ಮುಗಿಸಿದರು. ಸುಡುವಾಗ ಸುಣ್ಣ ಮೊದಲಾದವನ್ನು ಬೆರೆಸಬೇಕಾದ್ದರಿಂದ ಉಳಿದ ಬೂದಿಯ ತೂಕ ಸುಟ್ಟದ್ದರ ಎರಡು ಪಟ್ಟಿಗೂ ಮಿಕ್ಕಿತು. ಆ ಬೂದಿಗೆ ಮತ್ತೆ ಲ್ಯಾಂಡ್‌ಫಿಲ್ಲೇ ಬೇಕು. ಅದನ್ನು ಊರ ಹತ್ತಿರ ಹುಗಿಯಬೇಡಿ ಎಂದು ಪೀಥಂಪುರದವರು ಕೇಳಿದರು. ಇಷ್ಟಾಗಿಯೂ ಅದು ಚೀಲ ತುಂಬಿಟ್ಟಿದ್ದ ತ್ಯಾಜ್ಯ ಮಾತ್ರ. ಆ ಆವರಣದಲ್ಲಿ ಕೆಟ್ಟಿರುವ ಮಣ್ಣು 11 ಲಕ್ಷ ಟನ್ ಎಂದು ಪರಿಸರ ಸಂಶೋಧನೆಯ ನೀರಿ (NEERI) ಸಂಸ್ಥೆ 2010ರಲ್ಲೇ ಅಂದಾಜಿಸಿತ್ತು.

ನಮ್ಮ ನೆರೆಯ ಬಾಗಲಕೋಟೆಯಲ್ಲೂ ಆಚೆ ಕಲಬುರಗಿ ಜಿಲ್ಲೆಯಲ್ಲೂ ಸಿಮೆಂಟ್ ಗೂಡುಗಳಿವೆ. 1,400 ಡಿಗ್ರಿ ದಾಟುವ ಆ ಉರಿಯಲ್ಲಿ ಸಾವಯವ ವಿಷ ಸಾಯುತ್ತದೆ, ಬೂದಿ ಸಿಮೆಂಟಿನೊಳಗೇ ಸೇರುತ್ತದೆ. ಕೀಟನಾಶಕದ ಮಣ್ಣಿಗೆ ಇದು ಗುಂಡಿಗಿಂತ ಮೇಲು. ಪಾದರಸಕ್ಕೆ ಮಾತ್ರ ಸಲ್ಲದು, ಅದು ಹೊಗೆಯಾಗಿ ಹೊರಟುಬಿಡುತ್ತದೆ. ಸೂಕ್ಷ್ಮಜೀವಿಗಳಿಂದ ಎಣ್ಣೆಯ ಮಣ್ಣನ್ನು ಹದಗೊಳಿಸುವುದು ಅಗ್ಗ, ಆದರೆ ತಾಳ್ಮೆ ಬೇಡುತ್ತದೆ. ಯಾವ ದಾರಿ ಹಿಡಿದರೂ ಕೊನೆಗೆ ಒಂದು ಪಾಲು ಉಳಿಯುತ್ತದೆ, ಆ ಪಾಲಿಗೆ ಗುಂಡಿ ಬೇಕಾಗುತ್ತದೆ. ಅದಕ್ಕೇ ಲ್ಯಾಂಡ್‌ಫಿಲ್ ಬೇಡವೇ ಬೇಡ ಎಂಬ ವಾದವನ್ನು ನಾನು ಒಪ್ಪಲಾರೆ. ಎಲ್ಲವನ್ನೂ ಮೊದಲಿಗೇ ಗುಂಡಿಗೆ ತಳ್ಳುವುದನ್ನೂ ಒಪ್ಪಲಾರೆ.

ಮರೆತ ಗುಂಡಿಗಳು

ಜಗತ್ತಿನ ಅತ್ಯಂತ ಕುಖ್ಯಾತ ಗುಂಡಿ ಕೆಟ್ಟದ್ದು ಮರೆವಿನಿಂದ. ಅಮೆರಿಕದ ನಯಾಗರ ಫಾಲ್ಸ್ ಪಟ್ಟಣದ ಲವ್ ಕೆನಾಲ್ ಒಂದು ಅರೆಬರೆ ತೋಡಿದ ಕಾಲುವೆ. ಹೂಕರ್ ರಾಸಾಯನಿಕ ಕಂಪನಿ 1942ರಿಂದ ಹತ್ತು ವರ್ಷ ಅದರಲ್ಲಿ ಸುಮಾರು 21,000 ಟನ್ ತ್ಯಾಜ್ಯ ತುಂಬಿ, ಜಿಗಟು ಮಣ್ಣು ಮುಚ್ಚಿತು. 1953ರಲ್ಲಿ ಒಳಗೇನಿದೆ ಎಂಬ ಎಚ್ಚರಿಕೆಯನ್ನು ಪತ್ರದಲ್ಲಿ ಬರೆದೇ, ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತು. ಶಾಲೆ ಎದ್ದಿತು, ಸುತ್ತ ಮನೆಗಳು ಎದ್ದವು, ರಸ್ತೆ-ಕೊಳವೆಗಳಿಗೆಂದು ಅಗೆದಾಗ ಮಣ್ಣಿನ ಮುಚ್ಚಳ ತೂತಾಯಿತು. ಮಳೆ ನೀರು ಒಳಗಿಳಿದು, ವಿಷ ಹೊತ್ತು ನೆಲಮಾಳಿಗೆಗಳಲ್ಲಿ ಒಸರಿತು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಸಾರಿದರು, ನೂರಾರು ಕುಟುಂಬಗಳು ಮನೆ ಬಿಟ್ಟವು. ಆ ಗುಂಡಿ ಇಂದಿಗೂ ಅಲ್ಲೇ ಇದೆ. ಹೊಸ ಹೊದಿಕೆಯ ಕೆಳಗೆ, ಬೇಲಿಯ ಒಳಗೆ, ಬಸಿದ ನೀರನ್ನು ಇಂದಿಗೂ ಎತ್ತಿ ಶುದ್ಧಗೊಳಿಸುತ್ತಲೇ ಇದ್ದಾರೆ.

ಸ್ವಿಟ್ಜರ್ಲೆಂಡ್‌ನ ಕೊಲ್ಲಿಕೆನ್ ಊರಿನಲ್ಲಿ 1978ರಲ್ಲಿ ಹಳೆಯ ಜೇಡಿಮಣ್ಣಿನ ಗಣಿಯೊಂದರಲ್ಲಿ ಅಪಾಯಕಾರಿ ತ್ಯಾಜ್ಯ ತುಂಬತೊಡಗಿದರು. ಜೇಡಿಮಣ್ಣು ತಾನೇ ಕಾಯುತ್ತದೆ ಎಂಬ ಭರವಸೆ. ಏಳು ವರ್ಷಕ್ಕೆ ನಾತ ಮತ್ತು ಸೋರಿಕೆಯಿಂದ ಮುಚ್ಚಬೇಕಾಯಿತು. ಕೊನೆಗೆ ಮೇಲೊಂದು ಬೃಹತ್ ಛಾವಣಿ ಕಟ್ಟಿ, 2007ರಿಂದ ಸುಮಾರು ಎಂಟು ವರ್ಷ ಪೂರ್ತಿ ಅಗೆದು ತೆಗೆದರು. ಖರ್ಚು ನಮ್ಮ ಲೆಕ್ಕದಲ್ಲಿ ಸಾವಿರಾರು ಕೋಟಿ ರೂಪಾಯಿ. ಅಗ್ಗಕ್ಕೆ ಹುಗಿದದ್ದನ್ನು ದುಬಾರಿಗೆ ಅಗೆದ ಕಥೆ ಇದು.

ನಮ್ಮ ಮಾನದಂಡ ಗುಂಡಿ ಮುಚ್ಚಿದ ಮೇಲೆ 30 ವರ್ಷ ನಿಗಾ ಇಡಬೇಕು ಎನ್ನುತ್ತದೆ. ಎಚ್‌ಡಿಪಿಇ ಹಾಳೆ ತಂಪಿನಲ್ಲಿ ನೂರಾರು ವರ್ಷ ಬಾಳಬಹುದು, ಬಿಸಿ ಏರಿದಷ್ಟೂ ಆಯುಷ್ಯ ಕುಗ್ಗುತ್ತದೆ. ಆರ್ಸೆನಿಕ್‌ಗೆ ಆಯುಷ್ಯದ ಮಿತಿಯೇ ಇಲ್ಲ. ಮೂವತ್ತು ವರ್ಷದ ನಂತರ ಪಂಪಿನ ಕರೆಂಟ್ ಬಿಲ್ ಯಾರ ಹೆಸರಿಗೆ ಬರುತ್ತದೆ? ನಮ್ಮ ಮಣ್ಣಿನ ಮಾಳಿಗೆಗಳನ್ನು ನೆನೆದರೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. ಮುಂಗಾರಿಗೆ ಮೊದಲು ಪ್ರತಿ ವರ್ಷ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಿ ಬಡಿದರೆ ಮಾತ್ರ ಮನೆ ಸೋರದು. ಒಂದು ವರ್ಷ ತಪ್ಪಿದರೆ ತೊಲೆ ನೆನೆಯುತ್ತದೆ. ಮನೆಯವರು ಊರು ಬಿಟ್ಟ ಮಾಳಿಗೆ ಕುಸಿಯಲು ನಾಲ್ಕು ಮಳೆಗಾಲ ಸಾಕು.

ಯಾರ ಖರ್ಚು, ಯಾರ ನೆಲ

ರಾಜಸ್ಥಾನದ ಉದಯಪುರದ ಬಳಿಯ ಬಿಚ್ಛಡಿ ಗ್ರಾಮದಲ್ಲಿ 1980ರ ದಶಕದ ಕೊನೆಗೆ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಿಸಿದ ಕಾರ್ಖಾನೆಗಳು ಸುಮಾರು 2,400 ಟನ್ ಕೆಸರು ಬಿಟ್ಟಿದ್ದರಿಂದ ಬಾವಿಗಳ ನೀರು ಬಣ್ಣಗೆಟ್ಟಿತು. ಕೆಡಿಸಿದವನೇ ಖರ್ಚು ಕೊಡಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಜಾರಿಯಾಗದೆ ಎಳೆದಾಡಿ, 2011ರಲ್ಲಿ 37.385 ಕೋಟಿ ರೂಪಾಯಿಯನ್ನು ಚಕ್ರಬಡ್ಡಿ ಸಮೇತ ಕೊಡಲು ಮತ್ತೆ ಆದೇಶಿಸಬೇಕಾಯಿತು. ನ್ಯಾಯ ಸಿಕ್ಕಿತು, ಆದರೆ ಅಷ್ಟು ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯದ ತಾಣಗಳ ಪಟ್ಟಿ ಕೊಡಬೇಕು. ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ, ಮುಂದಿನ 90 ದಿನಗಳಲ್ಲಿ ವಿವರವಾದ ಸಮೀಕ್ಷೆ ಮುಗಿಸಬೇಕು. ಹೊಣೆಗಾರ ಸಿಕ್ಕರೆ ಅವನ ಖರ್ಚು, ಸಿಗದಿದ್ದರೆ ಸರ್ಕಾರಗಳ ಖರ್ಚು. ದೇಶದಲ್ಲಿ ಆಗ ಗುರುತಿಸಿದ್ದ 103 ತಾಣಗಳಲ್ಲಿ ಶುದ್ಧೀಕರಣ ಶುರುವಾಗಿದ್ದುದು ಏಳರಲ್ಲಿ ಮಾತ್ರ. ಹಾಗಾಗಿ ನಿಯಮ ಬಂದದ್ದು ಸ್ವಾಗತಾರ್ಹ. ಆದರೆ ಗಣಿಗಾರಿಕೆಯ ಕಲ್ಮಶವನ್ನು ಅದಕ್ಕೆ ಬೇರೆ ಕಾನೂನು ಇದೆ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಹೊರಗಿಟ್ಟಿರುವುದು ಕೆಜಿಎಫ್‌ನ ಜನಕ್ಕೆ ನೋವಿನ ಮಾತು. ಗಾಳಿಯಲ್ಲಿ ಬರುವ ಹುಡಿಗೆ ತಾನು ಯಾವ ಕಾನೂನಿನಡಿ ಬರುತ್ತೇನೆಂಬುದು ಗೊತ್ತಿಲ್ಲ.

ಗುಂಡಿಗೆ ನೆಲ ಹುಡುಕುವವರ ಕಣ್ಣು ಮಳೆ ಕಡಿಮೆ, ಜನ ವಿರಳ, ಭೂಮಿ ಅಗ್ಗ ಇರುವ ಕಡೆಗೆ ಹೊರಳುವುದು ಸಹಜ. ನಮ್ಮಂಥ ಬಯಲುಸೀಮೆ ಆ ನೋಟಕ್ಕೆ ಬೀಳುತ್ತದೆ. ಊರಿನಿಂದ 500 ಮೀಟರ್, ಕೆರೆಯಿಂದ 200 ಮೀಟರ್, ನದಿಯಿಂದ 100 ಮೀಟರ್ ದೂರ ಎಂಬ ಮಾನದಂಡದ ಅಳತೆ ನಕ್ಷೆಯ ಮೇಲೆ ಸುಲಭ. ಆದರೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ನದಿಯ ಅಂಚು ಎಲ್ಲಿದೆ ಎಂಬುದು ನಕ್ಷೆಗಿಂತ ಚೆನ್ನಾಗಿ ಗೊತ್ತು. ಮಲಪ್ರಭಾ ಕಾಲುವೆ ಹರಿದ ಮೇಲೆ ಎಷ್ಟೋ ಹೊಲಗಳು ಸವಳು-ಜವಳಾದವು. ಕಾಲುವೆ ಬರುವ ಮುಂಚೆ ಆಳದಲ್ಲಿದ್ದ ನೀರು ಅಲ್ಲಿ ಬೇರಿಗೆ ತಾಗುವಷ್ಟು ಮೇಲೆ ಬಂದಿದೆ. ಈ ತಿಳಿವಳಿಕೆ ರೈತನ ಹತ್ತಿರ ಇದೆ. ಜಾಗ ಗೊತ್ತುಮಾಡುವ ಮೊದಲು ಅವನನ್ನು ಕೇಳಬೇಕು, ಗೊತ್ತುಮಾಡಿದ ಮೇಲೆ ಸಮಾಧಾನ ಹೇಳಲು ಬಂದರೆ ಸಾಲದು.

ಉತಾರದಲ್ಲಿ ಬರೆಯಿರಿ

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸುವುದು ಇದು. ಗುಂಡಿ ಕಟ್ಟುವ ವಿದ್ಯೆ ನಮ್ಮ ಕೈಯಲ್ಲಿದೆ. ಹಾಳೆ ಇದೆ, ಮಣ್ಣು ಇದೆ, ಮಾನದಂಡ ಇದೆ. ಇಲ್ಲದಿರುವುದು ನೆನಪಿನ ಏರ್ಪಾಟು. ಕೊಲ್ಲಬಹುದಾದ ವಿಷವನ್ನು ಕೊಂದು, ಕೆಲಸಕ್ಕೆ ಬರುವುದನ್ನು ಬಳಸಿ, ಉಳಿದದ್ದನ್ನು ಮಾತ್ರ ಹುಗಿಯೋಣ. ಹುಗಿಯುವ ದಿನವೇ ಮುಂದಿನ ನಿಗಾದ ಹಣವನ್ನು ಯಾರೂ ಮುಟ್ಟದ ಠೇವಣಿಯಾಗಿ ಇಡಿಸೋಣ. ಸುತ್ತಲಿನ ಬಾವಿಗಳ ನೀರಿನ ವರದಿ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದುವಂತಾಗಲಿ.

ಇನ್ನೂ ಒಂದು ಕೆಲಸವಿದೆ. ಖರ್ಚಿಲ್ಲದ್ದು, ನಾಳೆಯೇ ಮಾಡಬಹುದಾದದ್ದು. ನಮ್ಮ ಕಡೆ ಹೊಲ ಕೊಳ್ಳುವವನು ಮೊದಲು ಕೇಳುವುದು ಉತಾರ, ಅಂದರೆ ಪಹಣಿ. ಸಾಲ, ಬೋಜಾ, ಹಕ್ಕು, ಬೆಳೆ ಎಲ್ಲವೂ ಅದರಲ್ಲಿ ಕಾಣುತ್ತದೆ. ಈ ಸರ್ವೆ ನಂಬರಿನ ನೆಲದಲ್ಲಿ ಇಂಥ ವಿಷ, ಇಂಥ ವರ್ಷ, ಇಷ್ಟು ಆಳದಲ್ಲಿ ಹುಗಿದಿದೆ ಎಂಬ ಒಂದು ಸಾಲು ಅಲ್ಲಿರಲಿ. ಲವ್ ಕೆನಾಲ್‌ನ ಎಚ್ಚರಿಕೆ ಒಂದು ಖರೀದಿ ಪತ್ರದಲ್ಲಿತ್ತು, ಪತ್ರ ಕಪಾಟಿನೊಳಗಿತ್ತು. ಉತಾರ ಹಾಗಲ್ಲ. ನೆಲ ಕೈ ಬದಲಾದಾಗಲೆಲ್ಲ ಅದು ಹೊರಗೆ ಬರುತ್ತದೆ.

ಸವದತ್ತಿಯ ಸುತ್ತ ರಟ್ಟರ ಕಾಲದ ಶಾಸನಗಳಿವೆ. ಭೂಮಿ ದಾನ ಕೊಟ್ಟವರು ಅದರ ಎಲ್ಲೆಗಳನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ಅಂಥ ಕಲ್ಲುಗಳ ನೆತ್ತಿಯ ಮೇಲೆ ಸೂರ್ಯ-ಚಂದ್ರರನ್ನು ಕೆತ್ತುವುದು ರೂಢಿ. ಅವರು ಇರುವವರೆಗೆ ಈ ಮಾತು ನಡೆಯಲಿ ಎಂದು ಅದರ ಅರ್ಥ. ಎಂಟು-ಒಂಬತ್ತು ನೂರು ವರ್ಷ ಕಳೆದರೂ ಆ ಕಲ್ಲು ಯಾವ ಹೊಲ ಯಾರದೆಂದು ಇಂದಿಗೂ ಹೇಳುತ್ತದೆ. ನಾವು ನೆಲಕ್ಕೆ ಕೊಡುತ್ತಿರುವ ಆರ್ಸೆನಿಕ್ ಕೂಡ ಸೂರ್ಯ-ಚಂದ್ರರಿರುವವರೆಗೆ ಉಳಿಯುವಂಥದ್ದೇ. ದಾನಕ್ಕೆ ಅಷ್ಟು ದೀರ್ಘದ ನೆನಪನ್ನು ಕಲ್ಲಿನಲ್ಲಿ ಇಟ್ಟವರ ಮಕ್ಕಳು ನಾವು. ಹುಗಿದ ವಿಷದ ಮೇಲೂ ಅಂಥದೊಂದು ಕಲ್ಲು ನಿಲ್ಲಿಸಿ, ಅದನ್ನು ಓದಬಲ್ಲ ಮಕ್ಕಳನ್ನು ಊರಲ್ಲಿ ಉಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.